ಕಣ್ಣಿಗೆ ಕಾಣದ ಸಂಕೇತಗಳು ಮತ್ತು ಫಲಾನುಭವಿಗಳ ಪಟ್ಟಿ



ಗ್ರಾಮ ಸಭೆಯಲ್ಲಿ ಆಯ್ಕೆಯಾದ ಫಲಾನುಭವಿಯೊಬ್ಬರ ಹೆಸರು ಗ್ರಾಮ ಪಂಚಾಯತಿಯ ಪಟ್ಟಿಯಲ್ಲಿಯೂ ಇದೆ, ಇಲಾಖೆಯಿಂದ ಬಂದ ಪಟ್ಟಿಯಲ್ಲಿಯೂ ಇದೆ. ಎರಡನ್ನೂ ಮುದ್ರಿಸಿ ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದಕ್ಷರದ ವ್ಯತ್ಯಾಸವೂ ಕಾಣುವುದಿಲ್ಲ. ಆದರೂ ಗಣಕಯಂತ್ರದಲ್ಲಿ ಹೋಲಿಸಿದಾಗ ‘ಹೊಂದುವ ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ. ಇಂತಹ ಸಂದರ್ಭದಲ್ಲಿ ಯಂತ್ರ ಕೆಟ್ಟಿದೆ ಎಂದಾಗಲಿ, ಯಾರೋ ಹೆಸರನ್ನು ತೆಗೆದುಹಾಕಿದ್ದಾರೆ ಎಂದಾಗಲಿ ಭಾವಿಸುವ ಮುನ್ನ ಪರಿಶೀಲಿಸಬೇಕಾದ ಒಂದು ಕಾರಣವಿದೆ. ಕಣ್ಣಿಗೆ ಕಾಣದ, ಆದರೆ ಯಂತ್ರವು ಅಕ್ಷರವೆಂದೇ ಎಣಿಸುವ ಸಂಕೇತವೊಂದು ಆ ಹೆಸರಿನೊಳಗೆ ಅಥವಾ ಅದರ ಅಂಚಿನಲ್ಲಿ ಸೇರಿಕೊಂಡಿರಬಹುದು.

ಇದು ಕೇವಲ ಡಾಟಾ ಎಂಟ್ರಿ ಆಪರೇಟರರಿಗೆ ಸಂಬಂಧಿಸಿದ ತಾಂತ್ರಿಕ ವಿಷಯವಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಫಲಾನುಭವಿಗಳ ಆಯ್ಕೆಯಲ್ಲಿ ಗ್ರಾಮ ಸಭೆಗೆ ಪ್ರಮುಖ ಸ್ಥಾನವಿದೆ. ಅಲ್ಲಿ ಆಯ್ಕೆಯಾದ ಹೆಸರು ಕಡತದಿಂದ ಕಡತಕ್ಕೆ ಸಾಗುವಾಗ ಕಳೆದುಹೋದರೆ ನಾಗರಿಕರಿಗೆ ಉತ್ತರ ಹೇಳಬೇಕಾದವರು ಸದಸ್ಯರೇ. ಘಟಪ್ರಭಾ, ಮಲಪ್ರಭಾ ಹಾಗೂ ಕೃಷ್ಣಾ ನದಿಗಳು ಹರಿಯುವ ನಮ್ಮ ಜಿಲ್ಲೆ 2009ರಲ್ಲಿಯೂ 2019ರಲ್ಲಿಯೂ ಪ್ರವಾಹವನ್ನು ಕಂಡಿದೆ. ಅಂತಹ ಸಮಯದಲ್ಲಿ ಪಟ್ಟಿಗಳನ್ನು ಅತ್ಯಂತ ತ್ವರಿತವಾಗಿ ಸಿದ್ಧಪಡಿಸಿ, ಒಂದರೊಡನೆ ಒಂದನ್ನು ತಾಳೆ ನೋಡಬೇಕಾಗುತ್ತದೆ. ಆಗ ಒಂದು ಅದೃಶ್ಯ ಸಂಕೇತದಿಂದ ಒಂದು ಕುಟುಂಬದ ಹೆಸರು ‘ಹೊಂದದ ದಾಖಲೆ’ಗಳ ಸಾಲಿಗೆ ಸೇರಬಾರದು. ಆದ್ದರಿಂದ ಈ ಸಂಕೇತಗಳೆಂದರೇನು, ಶೆಲ್ ಸ್ಕ್ರಿಪ್ಟ್ ಎಂಬ ಸಾಧನದಿಂದ ಅವುಗಳನ್ನು ಬದಲಿಸುವ ಬಗೆ ಹೇಗೆ, ಬದಲಿಸುವಾಗ ಕನ್ನಡಕ್ಕೆ ಆಗಬಹುದಾದ ಹಾನಿ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಗಣಕಯಂತ್ರವು ಹೆಸರನ್ನು ಓದುವ ಬಗೆ

ನಾವು ಅಕ್ಷರಗಳನ್ನು ಅವುಗಳ ಆಕಾರದಿಂದ ಗುರುತಿಸುತ್ತೇವೆ. ಗಣಕಯಂತ್ರಕ್ಕೆ ಆಕಾರ ಮುಖ್ಯವಲ್ಲ, ಸಂಖ್ಯೆ ಮುಖ್ಯ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಕಡತದಲ್ಲಿ ಉಳಿಸುವಾಗ, ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ, ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಷ್ಟು ಜಾಗವನ್ನು ತೆಗೆದುಕೊಳ್ಳುತ್ತದೆ.

ಉದಾಹರಣೆಗೆ ‘ತುಳಸಿಗೇರಿ’ ಎಂಬ ಊರಿನ ಹೆಸರನ್ನು ನೋಡೋಣ. ಓದುವವರಿಗೆ ಇಲ್ಲಿ ಐದು ಅಕ್ಷರಗಳಿವೆ. ಯಂತ್ರಕ್ಕೆ ತ, ಉಕಾರದ ಚಿಹ್ನೆ, ಳ, ಸ, ಇಕಾರದ ಚಿಹ್ನೆ, ಗ, ಏಕಾರದ ಚಿಹ್ನೆ, ರ, ಇಕಾರದ ಚಿಹ್ನೆ ಎಂಬ ಒಂಬತ್ತು ಸಂಕೇತಗಳಿವೆ. ಒಂಬತ್ತನ್ನು ಮೂರರಿಂದ ಗುಣಿಸಿದರೆ 27 ಬೈಟ್‌ಗಳು. ಒಂದು ಕಡತದಲ್ಲಿ ಈ ಹೆಸರು 27 ಬೈಟ್‌ಗಳಾಗಿಯೂ ಇನ್ನೊಂದರಲ್ಲಿ 28 ಅಥವಾ 30 ಬೈಟ್‌ಗಳಾಗಿಯೂ ಇದ್ದರೆ, ಕಾಗದದ ಮೇಲೆ ಎರಡೂ ಒಂದೇ ರೀತಿ ಕಂಡರೂ ಯಂತ್ರದ ಪಾಲಿಗೆ ಅವು ಎರಡು ಬೇರೆ ಬೇರೆ ಹೆಸರುಗಳು. ಆ ಹೆಚ್ಚುವರಿ ಬೈಟ್‌ಗಳೇ ಅದೃಶ್ಯ ಸಂಕೇತ.

2. ಇವು ಹುಟ್ಟಿದ್ದು ಹೇಗೆ

ಎಲ್ಲ ಸಂಕೇತಗಳೂ ಮುದ್ರಣಗೊಳ್ಳುವ ಅಕ್ಷರಗಳಲ್ಲ. 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತ ಪದ್ಧತಿಯು ಇಂದಿನ ಗಣಕಯಂತ್ರಗಳಿಗೂ ತಳಹದಿಯಾಗಿದೆ. ಅದರ 128 ಸ್ಥಾನಗಳಲ್ಲಿ 0ರಿಂದ 31ರವರೆಗಿನವು ಹಾಗೂ 127, ಹೀಗೆ ಒಟ್ಟು 33 ಸ್ಥಾನಗಳು ನಿಯಂತ್ರಣ ಸಂಕೇತಗಳಿಗೆ ಮೀಸಲು. ಇವು ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳು. ಅಂದಿನ ಟೆಲಿಪ್ರಿಂಟರಿಗೆ ‘ಗಂಟೆ ಬಾರಿಸು’, ‘ಕಾಗದವನ್ನು ಮೇಲಕ್ಕೆ ಸರಿಸು’, ‘ಸಾಲಿನ ಆರಂಭಕ್ಕೆ ಹಿಂತಿರುಗು’ ಎಂದು ಹೇಳಲು ಇವು ಬೇಕಾಗಿದ್ದವು.

ಹಳೆಯ ಕಚೇರಿಗಳ ಟೈಪ್‌ರೈಟರನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಸಾಲು ಮುಗಿದಾಗ ಸನ್ನೆಯನ್ನು ತಳ್ಳಿದರೆ ಎರಡು ಕೆಲಸಗಳು ನಡೆಯುತ್ತಿದ್ದವು: ಕಾಗದವು ಒಂದು ಸಾಲು ಮೇಲಕ್ಕೆ ಸರಿಯುತ್ತಿತ್ತು, ಗಾಡಿಯು ಆರಂಭದ ಸ್ಥಾನಕ್ಕೆ ಮರಳುತ್ತಿತ್ತು. ಆಸ್ಕಿಯಲ್ಲಿ ಮೊದಲನೆಯ ಕೆಲಸಕ್ಕೆ 10ನೆಯ ಸಂಕೇತ, ಅದಕ್ಕೆ ಲೈನ್ ಫೀಡ್ ಎಂದು ಹೆಸರು. ಎರಡನೆಯದಕ್ಕೆ 13ನೆಯ ಸಂಕೇತ, ಅದು ಕ್ಯಾರೇಜ್ ರಿಟರ್ನ್. ವಿಂಡೋಸ್ ಗಣಕಯಂತ್ರಗಳು ಪಠ್ಯ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಇಂದಿಗೂ 13 ಮತ್ತು 10 ಎರಡನ್ನೂ ಬರೆಯುತ್ತವೆ. ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳು 10ನ್ನು ಮಾತ್ರ ಬರೆಯುತ್ತವೆ. ಕಚೇರಿಯ ವಿಂಡೋಸ್ ಯಂತ್ರದಲ್ಲಿ ಸಿದ್ಧವಾದ ಪಟ್ಟಿಯನ್ನು ಲಿನಕ್ಸ್ ವ್ಯವಸ್ಥೆಯಲ್ಲಿ ಓದಿದಾಗ, ಸಾಲಿನ ಕೊನೆಯ 13ನೆಯ ಸಂಕೇತವು ಕೊನೆಯ ಅಂಕಣದ ಮಾಹಿತಿಗೆ ಅಂಟಿಕೊಂಡು ಉಳಿಯಬಹುದು. 27 ಬೈಟ್‌ಗಳ ‘ತುಳಸಿಗೇರಿ’ 28 ಬೈಟ್‌ಗಳಾಗುವುದು ಹೀಗೆ.

3. ಪಟ್ಟಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಅದೃಶ್ಯ ಸಂಕೇತಗಳು

ಅ) ಕ್ಯಾರೇಜ್ ರಿಟರ್ನ್, ಸಂಖ್ಯೆ 13. ಒಂದು ಬೈಟ್. ಸಾಲಿನ ಕೊನೆಯಲ್ಲಿರುತ್ತದೆ. ಕೊನೆಯ ಅಂಕಣದಲ್ಲಿ ಗ್ರಾಮದ ಹೆಸರಿದ್ದರೆ ಗ್ರಾಮದ ಹೆಸರು, ಖಾತೆ ಸಂಖ್ಯೆ ಇದ್ದರೆ ಖಾತೆ ಸಂಖ್ಯೆ ಹೊಂದುವುದಿಲ್ಲ.

ಆ) ಬೈಟ್ ಕ್ರಮದ ಗುರುತು, ಯುನಿಕೋಡ್ ಸಂಖ್ಯೆ 65279. ಮೂರು ಬೈಟ್. ಕಡತದ ಆರಂಭದಲ್ಲಿ ಒಮ್ಮೆ ಮಾತ್ರ ಬರುತ್ತದೆ. ‘ಇದು ಯುನಿಕೋಡ್ ಕಡತ’ ಎಂದು ಎಕ್ಸೆಲ್‌ನಂತಹ ತಂತ್ರಾಂಶಗಳಿಗೆ ತಿಳಿಸುವುದು ಇದರ ಉಪಯೋಗ. ಆದರೆ ಹಲವು ಗ್ರಾಮ ಪಂಚಾಯತಿಗಳ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಪ್ರತಿ ಪಟ್ಟಿಯ ಮೊದಲ ದಾಖಲೆಯ ಹಿಂದೆ ಇದು ಉಳಿದುಬಿಡುತ್ತದೆ.

ಇ) ಮುರಿಯದ ಖಾಲಿ ಜಾಗ, ಸಂಖ್ಯೆ 160. ಎರಡು ಬೈಟ್. ಜಾಲತಾಣದಿಂದ ಅಥವಾ ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದ ಪಠ್ಯದಲ್ಲಿ ಹೆಚ್ಚು. ಹೆಸರಿಗೂ ತಂದೆಯ ಹೆಸರಿಗೂ ನಡುವೆ ಸಾಮಾನ್ಯ ಖಾಲಿ ಜಾಗದಂತೆಯೇ ಕಾಣುತ್ತದೆ, ಆದರೆ ಅದರ ಸಂಖ್ಯೆ 32 ಅಲ್ಲ.

ಈ) ಟ್ಯಾಬ್, ಸಂಖ್ಯೆ 9. ಒಂದು ಬೈಟ್. ಕೆಲವು ಕಡತಗಳಲ್ಲಿ ಅಂಕಣಗಳನ್ನು ಬೇರ್ಪಡಿಸುವ ಗುರುತೇ ಇದು. ಹೆಸರಿನ ನಡುವೆ ಬಂದರೆ ಒಂದು ಅಂಕಣ ಎರಡಾಗುತ್ತದೆ.

ಉ) ಕೋಶದೊಳಗಿನ ಲೈನ್ ಫೀಡ್, ಸಂಖ್ಯೆ 10. ಎಕ್ಸೆಲ್‌ನ ಒಂದೇ ಕೋಶದಲ್ಲಿ ವಿಳಾಸವನ್ನು ಎರಡು ಸಾಲುಗಳಾಗಿ ಬರೆದಾಗ ಸೇರಿಕೊಳ್ಳುತ್ತದೆ. ಸಿಎಸ್‌ವಿ ಕಡತವಾಗಿ ಪರಿವರ್ತಿಸಿದಾಗ ಒಬ್ಬರ ದಾಖಲೆ ಎರಡು ಸಾಲುಗಳಲ್ಲಿ ಹರಡುತ್ತದೆ.

ಊ) ಶೂನ್ಯ ಅಗಲದ ಗುರುತುಗಳು, ಸಂಖ್ಯೆ 8204 ಮತ್ತು 8205. ತಲಾ ಮೂರು ಬೈಟ್. ಕನ್ನಡದ ಮಟ್ಟಿಗೆ ಇವು ಅತ್ಯಂತ ಮುಖ್ಯವಾಗಿರುವುದರಿಂದ ಮುಂದಿನ ಭಾಗದಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ತಾಂತ್ರಿಕ ಪರಿಶೀಲನೆಗೆ ಮುನ್ನವೇ ಸದಸ್ಯರು ಒಂದು ಅಂದಾಜು ಮಾಡಬಹುದು. ಪಟ್ಟಿಯ ಎಲ್ಲ ದಾಖಲೆಗಳೂ ಹೊಂದದಿದ್ದರೆ 13ನೆಯ ಸಂಕೇತವನ್ನು ಸಂಶಯಿಸಬೇಕು. ಮೊದಲ ದಾಖಲೆ ಮಾತ್ರ ಹೊಂದದಿದ್ದರೆ ಬೈಟ್ ಕ್ರಮದ ಗುರುತನ್ನು ಸಂಶಯಿಸಬೇಕು. ಅಲ್ಲೊಂದು ಇಲ್ಲೊಂದು ಹೆಸರು ಹೊಂದದಿದ್ದರೆ ಮುರಿಯದ ಖಾಲಿ ಜಾಗ ಅಥವಾ ಶೂನ್ಯ ಅಗಲದ ಗುರುತು ಕಾರಣವಾಗಿರಬಹುದು. ದಾಖಲೆಗಳ ಸಂಖ್ಯೆಗಿಂತ ಸಾಲುಗಳ ಸಂಖ್ಯೆ ಹೆಚ್ಚಾಗಿದ್ದರೆ ಕೋಶದೊಳಗಿನ ಲೈನ್ ಫೀಡ್ ಇರುವ ಸಂಭವ ಹೆಚ್ಚು.

4. ಕನ್ನಡಕ್ಕೆ ಬೇಕಾದ ಎರಡು ಅದೃಶ್ಯ ಗುರುತುಗಳು

ಎಲ್ಲ ಅದೃಶ್ಯ ಸಂಕೇತಗಳೂ ಕಸವಲ್ಲ. ಕನ್ನಡದಲ್ಲಿ ವ್ಯಂಜನದ ಮುಂದೆ ಹಲಂತದ ಚಿಹ್ನೆ, ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಯಂತ್ರವು ತಾನಾಗಿಯೇ ಒತ್ತಕ್ಷರವನ್ನು ರೂಪಿಸುತ್ತದೆ. ಒತ್ತಕ್ಷರ ಬೇಡವಾದಲ್ಲಿ ನಡುವೆ 8204ನೆಯ ಗುರುತನ್ನು ಇಡಬೇಕು. ಇದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಬಿಡಿಸುವ ಗುರುತು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟಕಾರದ ನಂತರ ಈ ಗುರುತು ಇದೆ. ಅದನ್ನು ತೆಗೆದರೆ ಪದವು ‘ಸಾಫ್ಟ್ವೇರ್’ ಎಂದಾಗುತ್ತದೆ.

8205ನೆಯದು ಝೀರೋ ವಿಡ್ತ್ ಜಾಯ್ನರ್, ಅಂದರೆ ಕೂಡಿಸುವ ಗುರುತು. ಕನ್ನಡದಲ್ಲಿ ರಕಾರದ ಮುಂದೆ ಹಲಂತ ಬಂದರೆ ಅದು ಸಾಮಾನ್ಯವಾಗಿ ಅರ್ಕಾವತ್ತಾಗುತ್ತದೆ. ಹಾಗಾಗದೆ ರಕಾರವೇ ಮೇಲೆ ನಿಂತು ಯಕಾರವು ಒತ್ತಾಗಿ ಬರಬೇಕಾದರೆ ಈ ಗುರುತು ಬೇಕು. ‘ರ‍್ಯಾಂಕ್’, ‘ರ‍್ಯಾಲಿ’ ಎಂದು ಬರೆಯುವುದು ಇದರ ನೆರವಿನಿಂದ. ಇದನ್ನು ಅಳಿಸಿದರೆ ‘ರ್ಯಾಂಕ್’, ‘ರ್ಯಾಲಿ’ ಎಂಬ ರೂಪಗಳು ಉಳಿಯುತ್ತವೆ.

ಹಾಗಾದರೆ ತೊಂದರೆ ಎಲ್ಲಿದೆ? ಈ ಗುರುತು ಕಾಣದ ಸ್ಥಳದಲ್ಲಿ ಉಳಿದಾಗ ತೊಂದರೆ. ‘ಇಳಕಲ್’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ‘ಇಳಕಲ್‌ಗೆ’ ಎಂದು ಬರೆಯುವಾಗ ಲಕಾರಕ್ಕೆ ಗಕಾರವು ಒತ್ತಾಗಿ ಸೇರದಿರಲು ಬಿಡಿಸುವ ಗುರುತು ಬೇಕು. ಆ ಪದದಿಂದ ‘ಗೆ’ ಪ್ರತ್ಯಯವನ್ನು ಮಾತ್ರ ಅಳಿಸಿದರೆ ಗುರುತು ಅಲ್ಲಿಯೇ ಉಳಿಯಬಹುದು. ಆಗ ಒಂದು ಕಡತದಲ್ಲಿ 15 ಬೈಟ್‌ಗಳ ‘ಇಳಕಲ್’, ಇನ್ನೊಂದರಲ್ಲಿ 18 ಬೈಟ್‌ಗಳ ‘ಇಳಕಲ್‌’ ಇರುತ್ತವೆ. ಕಣ್ಣಿಗೆ ಎರಡೂ ಒಂದೇ. ಸೀರೆ ನೇಯುವ ನೇಕಾರರ ಪಟ್ಟಿಯನ್ನು ಊರಿನ ಹೆಸರಿನಿಂದ ವಿಂಗಡಿಸಿದರೆ ಇಳಕಲ್ ಎಂಬ ಊರು ಎರಡು ಬಾರಿ ಕಾಣಿಸಿಕೊಳ್ಳಬಹುದು, ಮತ್ತು ಒಂದನ್ನು ಮಾತ್ರ ಆರಿಸಿದವರಿಗೆ ಉಳಿದ ನೇಕಾರರು ಕಾಣದೇ ಹೋಗಬಹುದು.

ಆದ್ದರಿಂದ ಪಾಲಿಸಬೇಕಾದ ಮುಖ್ಯ ನಿಯಮ ಇಷ್ಟು: ಬಿಡಿಸುವ ಮತ್ತು ಕೂಡಿಸುವ ಗುರುತುಗಳನ್ನು ಮೂಲ ಹೆಸರಿನಿಂದ ಅಳಿಸಬಾರದು. ಹೋಲಿಕೆಗಾಗಿಯೇ ಮತ್ತೊಂದು ಅಂಕಣವನ್ನು ರಚಿಸಿ, ಅದರಲ್ಲಿ ಮಾತ್ರ ಅವುಗಳನ್ನು ತೆಗೆದುಹಾಕಬೇಕು. ತಾಳೆ ನೋಡುವುದು ಹೋಲಿಕೆಯ ಅಂಕಣದಿಂದ. ಮುದ್ರಿಸುವುದು, ಪ್ರಮಾಣಪತ್ರದಲ್ಲಿ ಬರೆಯುವುದು ಮೂಲ ಅಂಕಣದಿಂದ.

5. ಶೆಲ್ ಸ್ಕ್ರಿಪ್ಟ್ ಎಂದರೇನು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯಲ್ಲಿ, ಬಳಕೆದಾರರು ಬರೆದ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಅದೇ ಆಜ್ಞೆಗಳನ್ನು ಒಂದು ಪಠ್ಯ ಕಡತದಲ್ಲಿ ಕ್ರಮವಾಗಿ ಬರೆದಿಟ್ಟರೆ ಅದು ಶೆಲ್ ಸ್ಕ್ರಿಪ್ಟ್. ಲಿನಕ್ಸ್‌ನಲ್ಲಿ ಇದು ಸಹಜವಾಗಿ ದೊರೆಯುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಡಬ್ಲ್ಯೂಎಸ್‌ಎಲ್ ಎಂಬ ಸೌಲಭ್ಯವನ್ನು ಅಳವಡಿಸಿಕೊಂಡು ಬಳಸಬಹುದು. ಇದಕ್ಕೆ ಪರವಾನಗಿ ಶುಲ್ಕವಿಲ್ಲ.

ಕೈಯಿಂದ ಒಂದೊಂದೇ ಹೆಸರನ್ನು ಅಳಿಸಿ ಮರಳಿ ಟೈಪಿಸುವುದಕ್ಕಿಂತ ಸ್ಕ್ರಿಪ್ಟ್ ಉತ್ತಮವೆನ್ನಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಎಲ್ಲ ದಾಖಲೆಗಳಿಗೂ ಒಂದೇ ನಿಯಮ ಅನ್ವಯವಾಗುತ್ತದೆ. ಮರಳಿ ಟೈಪಿಸುವಾಗ ಹೊಸ ತಪ್ಪುಗಳು ಸೇರುವುದಿಲ್ಲ. ಎರಡನೆಯದಾಗಿ, ಏನು ಬದಲಾಯಿಸಲಾಯಿತು ಎಂಬುದು ಬರವಣಿಗೆಯಲ್ಲಿ ಉಳಿಯುವುದರಿಂದ ಯಾರು ಬೇಕಾದರೂ ಓದಿ ಪರಿಶೀಲಿಸಬಹುದು. ಮೂರನೆಯದಾಗಿ, ಕೆಲಸವು ಕಚೇರಿಯ ಯಂತ್ರದಲ್ಲಿಯೇ ಮುಗಿಯುತ್ತದೆ. ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆಯ ವಿವರಗಳಿರುವ ಪಟ್ಟಿಯನ್ನು ‘ಉಚಿತವಾಗಿ ಶುದ್ಧಗೊಳಿಸಿಕೊಡುತ್ತೇವೆ’ ಎನ್ನುವ ಅಪರಿಚಿತ ಜಾಲತಾಣಗಳಿಗೆ ಏರಿಸುವ ಅಗತ್ಯವೇ ಬರುವುದಿಲ್ಲ. ಅಂತಹ ಜಾಲತಾಣಗಳಿಗೆ ನಾಗರಿಕರ ಮಾಹಿತಿಯನ್ನು ಯಾವ ಕಾರಣಕ್ಕೂ ಕೊಡಬಾರದು.

ಪಿಡಿಎಫ್ ಪ್ರತಿಯಿಂದ ನಕಲು ಮಾಡಿದ ಆಜ್ಞೆಗಳಲ್ಲಿ ಉದ್ಧರಣ ಚಿಹ್ನೆಗಳೂ ಖಾಲಿ ಜಾಗಗಳೂ ರೂಪ ಬದಲಿಸುವ ಸಾಧ್ಯತೆ ಇರುವುದರಿಂದ ಆಜ್ಞೆಗಳನ್ನು ಇಲ್ಲಿ ಯಥಾವತ್ತಾಗಿ ಮುದ್ರಿಸಿಲ್ಲ. ಬದಲಿಗೆ ಪ್ರತಿ ಹಂತದಲ್ಲಿ ನಡೆಯಬೇಕಾದ ಕೆಲಸವನ್ನು ತಿಳಿಸಲಾಗಿದೆ. ಆಜ್ಞೆಗಳ ಪರಿಚಯವಿರುವ ಸಿಬ್ಬಂದಿಗೆ ಇಷ್ಟು ಸಾಕು. ಸದಸ್ಯರಿಗೆ ಬೇಕಾದುದು ಕ್ರಮದ ತಿಳಿವಳಿಕೆಯೇ ಹೊರತು ಟೈಪಿಸುವ ಅಭ್ಯಾಸವಲ್ಲ.

6. ಬದಲಾವಣೆಯ ಐದು ಹಂತಗಳು

ಮೊದಲನೆಯ ಹಂತ, ನಕಲು. ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ತೆಗೆದು ದಿನಾಂಕ ಸಹಿತ ಹೆಸರು ಕೊಡಬೇಕು. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ ಮಾತ್ರ. ಫಲಿತಾಂಶವನ್ನು ಯಾವಾಗಲೂ ಬೇರೊಂದು ಹೊಸ ಕಡತಕ್ಕೆ ಬರೆಯಬೇಕು. ಓದುತ್ತಿರುವ ಕಡತಕ್ಕೇ ಫಲಿತಾಂಶವನ್ನು ತಿರುಗಿಸಿದರೆ, ಶೆಲ್ ಓದುವ ಮೊದಲೇ ಆ ಕಡತವನ್ನು ಖಾಲಿ ಮಾಡಿಬಿಡುತ್ತದೆ.

ಎರಡನೆಯ ಹಂತ, ಎಣಿಕೆ. ‘ಡಬ್ಲ್ಯೂಸಿ’ ಆಜ್ಞೆಯಿಂದ ಸಾಲುಗಳ ಹಾಗೂ ಬೈಟ್‌ಗಳ ಸಂಖ್ಯೆಯನ್ನು ತಿಳಿದು ಬರೆದಿಟ್ಟುಕೊಳ್ಳಬೇಕು. ‘ಕ್ಯಾಟ್’ ಆಜ್ಞೆಗೆ ಎಲ್ಲವನ್ನೂ ತೋರಿಸುವ ಸೂಚನೆಯನ್ನು ಸೇರಿಸಿದರೆ, ಅಥವಾ ‘ಓಡಿ’ ಎಂಬ ಎರಡಕ್ಷರದ ಆಜ್ಞೆಯನ್ನು ಬಳಸಿದರೆ, ಕಾಣದ ಸಂಕೇತಗಳು ಚಿಹ್ನೆ ಅಥವಾ ಸಂಖ್ಯೆಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಯಾವ ಸಂಕೇತ ಎಷ್ಟು ಬಾರಿ ಬಂದಿದೆ ಎಂಬುದನ್ನು ‘ಗ್ರೆಪ್’ ಆಜ್ಞೆಯ ನೆರವಿನಿಂದ ಎಣಿಸಬೇಕು. ಏನಿದೆ ಎಂದು ತಿಳಿಯದೆ ಏನನ್ನೂ ಬದಲಿಸಬಾರದು.

ಮೂರನೆಯ ಹಂತ, ಬದಲಾವಣೆ. 13ನೆಯ ಸಂಕೇತವನ್ನು ‘ಟಿಆರ್’ ಆಜ್ಞೆಯಿಂದ ಅಳಿಸಬಹುದು. ಆರಂಭದ ಬೈಟ್ ಕ್ರಮದ ಗುರುತನ್ನೂ 160ನೆಯ ಖಾಲಿ ಜಾಗವನ್ನೂ ‘ಸೆಡ್’ ಆಜ್ಞೆಯಿಂದ ನಿರ್ವಹಿಸಬೇಕು. ಇಲ್ಲಿ ಅಳಿಸುವುದಕ್ಕೂ ಬದಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. 160ನೆಯ ಸಂಕೇತವನ್ನು ಅಳಿಸಿದರೆ ‘ಯಲ್ಲಪ್ಪ ಬಸಪ್ಪ’ ಎಂಬುದು ‘ಯಲ್ಲಪ್ಪಬಸಪ್ಪ’ ಆಗುತ್ತದೆ. ಆದ್ದರಿಂದ ಅದನ್ನು ಸಾಮಾನ್ಯ ಖಾಲಿ ಜಾಗವಾಗಿ ಬದಲಿಸಬೇಕು. ಹೆಸರಿನ ನಡುವಿನ ಟ್ಯಾಬ್‌ಗೂ ಇದೇ ಕ್ರಮ. ಸಾಲುಗಳನ್ನು ಬೇರ್ಪಡಿಸುವ 10ನೆಯ ಸಂಕೇತವನ್ನು ಸಾರಾಸಗಟಾಗಿ ಅಳಿಸಿದರೆ ಇಡೀ ಪಟ್ಟಿ ಒಂದೇ ಸಾಲಾಗಿಬಿಡುತ್ತದೆ. ಕೋಶದೊಳಗಿನ ಲೈನ್ ಫೀಡ್‌ಗಳನ್ನು ಕಡತವು ಎಕ್ಸೆಲ್‌ನಲ್ಲಿರುವಾಗಲೇ ಸರಿಪಡಿಸುವುದು ಸುರಕ್ಷಿತ.

ನಾಲ್ಕನೆಯ ಹಂತ, ಹೋಲಿಕೆಯ ಅಂಕಣ. ಹೆಸರಿನ ಅಂಕಣದ ಪ್ರತಿಯಲ್ಲಿ 8204 ಮತ್ತು 8205ನೆಯ ಗುರುತುಗಳನ್ನು ‘ಸೆಡ್’ ಆಜ್ಞೆಯಿಂದ ತೆಗೆಯಬೇಕು. ಆಜ್ಞೆಯಲ್ಲಿ ಈ ಗುರುತನ್ನು ನೇರವಾಗಿ ಟೈಪಿಸದೆ ಸಂಖ್ಯೆಯ ರೂಪದಲ್ಲಿ ಬರೆಯಬೇಕು. ಇಲ್ಲವಾದರೆ ಸ್ಕ್ರಿಪ್ಟ್ ಅನ್ನು ಓದುವವರಿಗೆ ಅಲ್ಲಿ ಏನನ್ನು ಅಳಿಸಲಾಗುತ್ತಿದೆ ಎಂಬುದೇ ಕಾಣುವುದಿಲ್ಲ.

ಐದನೆಯ ಹಂತ, ತಾಳೆ. ಬದಲಾವಣೆಯ ಮೊದಲಿನ ಮತ್ತು ನಂತರದ ಲೆಕ್ಕ ಕೂಡಬೇಕು. ಉದಾಹರಣೆಗೆ, 400 ಸಾಲುಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಒಂದರಂತೆ 400 ಕ್ಯಾರೇಜ್ ರಿಟರ್ನ್, ಆರಂಭದಲ್ಲಿ ಒಂದು ಬೈಟ್ ಕ್ರಮದ ಗುರುತು, ಅಲ್ಲಲ್ಲಿ 5 ಮುರಿಯದ ಖಾಲಿ ಜಾಗಗಳು ಇವೆ ಎಂದಿಟ್ಟುಕೊಳ್ಳೋಣ. ಕ್ಯಾರೇಜ್ ರಿಟರ್ನ್‌ಗಳಿಂದ 400 ಬೈಟ್, ಆರಂಭದ ಗುರುತಿನಿಂದ 3 ಬೈಟ್ ಕಡಿಮೆಯಾಗಬೇಕು. ಎರಡು ಬೈಟ್‌ಗಳ ಖಾಲಿ ಜಾಗವು ಒಂದು ಬೈಟ್ ಆಗುವುದರಿಂದ ಇನ್ನು 5 ಬೈಟ್ ಇಳಿಯಬೇಕು. ಒಟ್ಟು ಇಳಿಕೆ 408 ಬೈಟ್, ಸಾಲುಗಳು 400ರಷ್ಟೇ. ಇಳಿಕೆಯು 408ಕ್ಕಿಂತ ಹೆಚ್ಚಾಗಿದ್ದರೆ ಬೇರೇನೋ ಅಳಿಸಿಹೋಗಿದೆ ಎಂದರ್ಥ. ಆ ಕಡತವನ್ನು ಬಳಸಬಾರದು. ಲೆಕ್ಕ ಕೂಡಿದ ಮೇಲೆ ‘ಡಿಫ್’ ಆಜ್ಞೆಯಿಂದ ಎರಡೂ ಕಡತಗಳ ವ್ಯತ್ಯಾಸವನ್ನು ಸಾಲು ಸಾಲಾಗಿ ನೋಡಬಹುದು. ಕಡತವನ್ನು ಮರಳಿ ಎಕ್ಸೆಲ್‌ನಲ್ಲಿ ತೆರೆಯಬೇಕಾಗಿದ್ದರೆ ಆರಂಭದ ಬೈಟ್ ಕ್ರಮದ ಗುರುತನ್ನು ಪುನಃ ಸೇರಿಸಬೇಕು. ಅದಿಲ್ಲದಿದ್ದರೆ ಕನ್ನಡವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.

7. ವಿಶೇಷ ಎಚ್ಚರಿಕೆ: ಕನ್ನಡವೇ ಅಳಿಸಿಹೋಗುವ ಅಪಾಯ

ಅಂತರ್ಜಾಲದಲ್ಲಿ ದೊರೆಯುವ ಅನೇಕ ಸಿದ್ಧ ಸ್ಕ್ರಿಪ್ಟ್‌ಗಳು ಇಂಗ್ಲಿಷ್ ಪಠ್ಯವನ್ನು ಮಾತ್ರ ಗಮನದಲ್ಲಿಟ್ಟು ಬರೆದವು. ‘ಮುದ್ರಣಗೊಳ್ಳುವ ಆಸ್ಕಿ ಅಕ್ಷರಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ಅಳಿಸು’ ಎಂಬುದು ಅವುಗಳಲ್ಲಿ ಸಾಮಾನ್ಯವಾದ ಆಜ್ಞೆ. ಕನ್ನಡ ಪಟ್ಟಿಯ ಮೇಲೆ ಅದನ್ನು ನಡೆಸಿದರೆ ಕ್ರಮ ಸಂಖ್ಯೆ, ಅಲ್ಪವಿರಾಮ, ಖಾತೆ ಸಂಖ್ಯೆಗಳು ಉಳಿದು ಹೆಸರುಗಳೆಲ್ಲ ಮಾಯವಾಗುತ್ತವೆ. ಸಾಲಿನ ಕೊನೆಯ ಗುರುತನ್ನು ಆ ಆಜ್ಞೆಯು ಉಳಿಸಿಕೊಂಡಿದ್ದರೆ ಸಾಲುಗಳ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ಸಾಲುಗಳನ್ನು ಮಾತ್ರ ಎಣಿಸಿದವರಿಗೆ ಹಾನಿ ತಿಳಿಯುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ‘ಟಿಆರ್’ ಆಜ್ಞೆಯು ಅಕ್ಷರಗಳನ್ನಲ್ಲ, ಬಿಡಿ ಬೈಟ್‌ಗಳನ್ನು ನೋಡುತ್ತದೆ. 13ನೆಯ ಸಂಕೇತವನ್ನು ಅಳಿಸಲು ಅದು ಸುರಕ್ಷಿತ, ಏಕೆಂದರೆ ಯುಟಿಎಫ್-8 ಕ್ರಮದಲ್ಲಿ ಕನ್ನಡ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲ. ಆದರೆ ಶೂನ್ಯ ಅಗಲದ ಗುರುತುಗಳಿಗೆ ಅದನ್ನು ಬಳಸಿದರೆ ಅನಾಹುತವಾಗುತ್ತದೆ. ಬಿಡಿಸುವ ಗುರುತಿನ ಬೈಟ್‌ಗಳು 226, 128, 140. ಕೂಡಿಸುವ ಗುರುತಿನವು 226, 128, 141. ಈಗ ಕನ್ನಡದ ಮೂರು ಚಿಹ್ನೆಗಳನ್ನು ನೋಡಿರಿ:

ಈಕಾರದ ಚಿಹ್ನೆ: 224, 179, 128
ಔಕಾರದ ಚಿಹ್ನೆ: 224, 179, 140
ಹಲಂತದ ಚಿಹ್ನೆ: 224, 179, 141

128, 140, 141 ಎಂಬ ಬೈಟ್‌ಗಳನ್ನು ಬಿಡಿಬಿಡಿಯಾಗಿ ಅಳಿಸಿದರೆ ಈ ಚಿಹ್ನೆಗಳ ಕೊನೆಯ ಬೈಟ್‌ಗಳೂ ಹೋಗುತ್ತವೆ. ‘ಪಾಟೀಲ’ ಎಂಬಲ್ಲಿ ಈಕಾರ, ‘ಗೌಡರ’ ಎಂಬಲ್ಲಿ ಔಕಾರ, ‘ಬಸಪ್ಪ’ ಎಂಬಲ್ಲಿ ಒತ್ತು ಒಡೆದುಹೋಗುತ್ತವೆ. ನಮ್ಮ ಜಿಲ್ಲೆಯ ಪಟ್ಟಿಗಳಲ್ಲಿ ಇಂತಹ ಹೆಸರುಗಳಿಲ್ಲದ ಪುಟವೇ ವಿರಳ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬೈಟ್‌ಗಳ ಸಂಕೇತಗಳಿಗೆ, ಬೈಟ್‌ಗಳ ಇಡೀ ಸರಣಿಯನ್ನು ಒಂದಾಗಿ ಗುರುತಿಸುವ ‘ಸೆಡ್’ ಆಜ್ಞೆಯನ್ನೇ ಬಳಸಬೇಕು.

ಸಿಬ್ಬಂದಿಯ ಗಮನಕ್ಕೆ ಇನ್ನೆರಡು ಅಂಶಗಳು. ‘ಟಿಆರ್’ ಆಜ್ಞೆಯಲ್ಲಿ ಓರೆಗೆರೆಯ ನಂತರ ಬರೆಯುವ ಸಂಖ್ಯೆಯು ದಶಮಾನದ್ದಲ್ಲ, ಅಷ್ಟಮಾನದ್ದು. 13ನೆಯ ಸಂಕೇತವನ್ನು ಅಲ್ಲಿ 015 ಎಂದು ಬರೆಯಬೇಕು. 13 ಎಂದೇ ಬರೆದರೆ ಅದು 11ನೆಯ ಸಂಕೇತವಾಗುತ್ತದೆ, ಉದ್ದೇಶಿತ ಸಂಕೇತವು ಕಡತದಲ್ಲಿ ಹಾಗೆಯೇ ಉಳಿಯುತ್ತದೆ. ಎರಡನೆಯದು, ಸ್ಕ್ರಿಪ್ಟ್ ಕೂಡ ಒಂದು ಪಠ್ಯ ಕಡತ. ಅದನ್ನು ವಿಂಡೋಸ್ ಕ್ರಮದ ಸಾಲು ಅಂತ್ಯಗಳೊಡನೆ ಉಳಿಸಿದರೆ ಅದರ ಪ್ರತಿ ಸಾಲಿಗೂ 13ನೆಯ ಸಂಕೇತ ಸೇರಿ ಸ್ಕ್ರಿಪ್ಟ್ ನಡೆಯದೇ ನಿಲ್ಲಬಹುದು.

8. ಸ್ಕ್ರಿಪ್ಟ್ ಮಾಡಬಾರದ ಕೆಲಸಗಳು

ಹಳೆಯ ಕಡತಗಳು ಯುನಿಕೋಡ್‌ನಲ್ಲಿ ಇಲ್ಲದಿರಬಹುದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಹಾಗೂ ಇತರ ಸಂಕೇತಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಅಲ್ಲಿ 160ಕ್ಕೂ ಅದರಂತಹ ಇತರ ಸಂಖ್ಯೆಗಳಿಗೂ ಬೇರೆಯೇ ಅರ್ಥವಿರಬಹುದು. ಇಂತಹ ಕಡತವನ್ನು ಮೊದಲು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಅನಂತರವೇ ಮೇಲಿನ ಹಂತಗಳನ್ನು ಅನುಸರಿಸಬೇಕು.

ಅದೃಶ್ಯವಲ್ಲದಿದ್ದರೂ ಕಣ್ಣನ್ನು ವಂಚಿಸುವ ಇನ್ನೊಂದು ದೋಷ ಅನುಸ್ವಾರದ್ದು. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕಿಯನ್ನು ಟೈಪಿಸುತ್ತಾರೆ. ‘ಹನಮಂತ’ ಮತ್ತು ‘ಹನಮ೦ತ’ ಬಹುತೇಕ ಒಂದೇ ರೀತಿ ಕಾಣುತ್ತವೆ, ಆದರೆ ಮೊದಲನೆಯದರಲ್ಲಿ 3202ನೆಯ ಸಂಕೇತವೂ ಎರಡನೆಯದರಲ್ಲಿ 3302ನೆಯ ಸಂಕೇತವೂ ಇದೆ. ಇದನ್ನು ಸ್ಕ್ರಿಪ್ಟ್‌ನಿಂದ ಬದಲಿಸಬಹುದಾದರೂ ಅಕ್ಷರಗಳ ನಡುವೆ ಬಂದಾಗ ಮಾತ್ರ ಬದಲಿಸಬೇಕು. ಮನೆ ಸಂಖ್ಯೆ, ಸರ್ವೆ ಸಂಖ್ಯೆಗಳಲ್ಲಿನ ಸೊನ್ನೆಯನ್ನು ಮುಟ್ಟಬಾರದು.

ಆದರೆ ‘ಹನಮಂತ’, ‘ಹಣಮಂತ’, ‘ಹನುಮಂತ’ ಎಂಬ ಮೂರು ರೂಪಗಳನ್ನು ಯಾವ ಸ್ಕ್ರಿಪ್ಟೂ ಒಂದಾಗಿಸಬಾರದು. ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ಅದು ಒಬ್ಬರದೇ ಹೆಸರಿನ ಬೇರೆ ಬರವಣಿಗೆಯೂ ಆಗಿರಬಹುದು, ಇಬ್ಬರು ಬೇರೆ ವ್ಯಕ್ತಿಗಳೂ ಆಗಿರಬಹುದು. ಆಂಜನೇಯನ ಹೆಸರನ್ನು ಮನೆಮನೆಯಲ್ಲಿ ಇಡುವ ತುಳಸಿಗೇರಿಯಂತಹ ಊರಿನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಒಂದೇ ಇರುವ ಇಬ್ಬರು ದೊರೆಯುವುದು ಅಸಾಧ್ಯವಲ್ಲ. ಇಲ್ಲಿ ನಿರ್ಣಯವು ದಾಖಲೆಗಳಿಂದ ಹಾಗೂ ಊರನ್ನು ಬಲ್ಲವರಿಂದ ಆಗಬೇಕು. ವಾರ್ಡಿನ ಮನೆಮನೆಯನ್ನು ತಿಳಿದಿರುವ ಸದಸ್ಯರ ನೆರವು ಅತ್ಯವಶ್ಯವಾಗಿರುವುದು ಇದೇ ಹಂತದಲ್ಲಿ.

9. ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಪಟ್ಟಿಯೊಂದರಲ್ಲಿ ಹೆಸರು ಹೊಂದಿಲ್ಲ ಎಂಬ ವರದಿ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನವುಗಳನ್ನು ವಿಚಾರಿಸಬಹುದು:

1) ಹೊಂದದ ದಾಖಲೆಗಳು ಎಷ್ಟು? ಎಲ್ಲವೂ ಹೊಂದಿಲ್ಲವೋ, ಮೊದಲನೆಯದು ಮಾತ್ರವೋ, ಅಲ್ಲಲ್ಲಿ ಕೆಲವೋ?
2) ಆ ಹೆಸರುಗಳ ಬೈಟ್ ಸಂಖ್ಯೆಯನ್ನು ಎರಡೂ ಕಡತಗಳಲ್ಲಿ ನೋಡಲಾಗಿದೆಯೇ?
3) ಮೂಲ ಕಡತದ ಬದಲಾಗದ ಪ್ರತಿ ಕಚೇರಿಯಲ್ಲಿ ಇದೆಯೇ?
4) ಯಾವ ಸಂಕೇತಗಳನ್ನು ಅಳಿಸಲಾಯಿತು, ಯಾವುದನ್ನು ಬದಲಿಸಲಾಯಿತು, ತಲಾ ಎಷ್ಟು?
5) ಬದಲಾವಣೆಯ ಮೊದಲು ಮತ್ತು ನಂತರ ಸಾಲುಗಳ ಹಾಗೂ ಬೈಟ್‌ಗಳ ಲೆಕ್ಕ ಕೂಡಿದೆಯೇ?
6) ಮೂಲ ಹೆಸರಿನ ಅಂಕಣವನ್ನು ಹಾಗೆಯೇ ಉಳಿಸಿ, ಹೋಲಿಕೆಯ ಅಂಕಣದಲ್ಲಿ ಮಾತ್ರ ಶೂನ್ಯ ಅಗಲದ ಗುರುತುಗಳನ್ನು ತೆಗೆಯಲಾಗಿದೆಯೇ?
7) ಬದಲಾವಣೆಯ ನಂತರವೂ ಹೊಂದದೆ ಉಳಿದ ಹೆಸರುಗಳನ್ನು ಸಂಬಂಧಪಟ್ಟ ವಾರ್ಡಿನ ಸದಸ್ಯರಿಗೆ ತೋರಿಸಲಾಗಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ನೀಡಲು ತಂತ್ರಜ್ಞರು ಬೇಕಿಲ್ಲ. ಸ್ಕ್ರಿಪ್ಟ್ ನಡೆಸಿದ ದಿನಾಂಕ, ಕಡತದ ಹೆಸರು, ಮೊದಲಿನ ಮತ್ತು ನಂತರದ ಎಣಿಕೆ ಹಾಗೂ ಬದಲಿಸಿದ ಸಂಕೇತಗಳ ಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು. ಒಂದು ಪಟ್ಟಿಗೆ ಒಂದು ಸಾಲಿನ ನಮೂದು ಆಗುತ್ತದೆ.

ಅದೃಶ್ಯ ಸಂಕೇತಗಳು ಯಾರ ದುರುದ್ದೇಶದಿಂದಲೂ ಹುಟ್ಟಿದವಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ಯಂತ್ರಗಳ ರೂಢಿಗಳು ಒಂದೇ ಪಟ್ಟಿಯಲ್ಲಿ ಸೇರಿದಾಗ ಅವು ಉಳಿಯುತ್ತವೆ. ಆದರೆ ಅವುಗಳ ಪರಿಣಾಮವನ್ನು ಅನುಭವಿಸುವವರು ಕಡತವನ್ನು ಎಂದೂ ನೋಡದ ನಾಗರಿಕರು. ಆದ್ದರಿಂದ ‘ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ’ ಎಂಬ ಉತ್ತರವನ್ನು ನೀಡುವ ಮುನ್ನ ಮೇಲಿನ ಪರಿಶೀಲನೆಯನ್ನು ಪೂರ್ಣಗೊಳಿಸಿ, ಅದನ್ನು ವಹಿಯಲ್ಲಿ ನಮೂದಿಸುವ ಪದ್ಧತಿಯನ್ನು ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಅಳವಡಿಸಿಕೊಳ್ಳುವುದು ಸೂಕ್ತ.